ಕಾರ್ಡ್ ಇದ್ದರೂ ದುಡ್ಡು ಯಾಕೆ ಬೇಕು? ಕ್ಯಾನ್ಸರ್ ಇರುವ ಮಗುವಿಗೆ ಬರುವ ಜ್ವರದ ಲೆಕ್ಕ

ಈ ಮಳೆಗಾಲದಲ್ಲಿ ನಮ್ಮ ಊರಿನ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ತೀರ್ಥಹಳ್ಳಿ ಕಡೆಯ ಒಂದು ಪುಟ್ಟ ಹುಡುಗಿ. ರಕ್ತದ ಕ್ಯಾನ್ಸರ್. ಬೆಂಗಳೂರಿನಲ್ಲಿ ಚಿಕಿತ್ಸೆ. ಕೀಮೋ ಚೆನ್ನಾಗೇ ನಡೆಯುತ್ತಿತ್ತು, ಈಗ ಜ್ವರ ಬಂದು ಐಸಿಯುನಲ್ಲಿದ್ದಾಳೆ, ಕೈಲಾದಷ್ಟು ಕೊಡಿ ಅಂತ ಬರೆದಿದ್ದರು. ಜನ ಕೊಟ್ಟರು. ಕೊಟ್ಟವರೇ ಆಮೇಲೆ ಕೇಳಿದರು: "ಆಯುಷ್ಮಾನ್ ಕಾರ್ಡ್ ಇದೆ ಅಲ್ವಾ, ಮತ್ತೆ ದುಡ್ಡು ಯಾಕೆ?" ಇನ್ನೊಬ್ಬರು ಕೇಳಿದರು: "ಕ್ಯಾನ್ಸರ್‌ಗೆ ಖರ್ಚು ಅಂದ್ರೆ ಸರಿ. ಜ್ವರಕ್ಕೆ ಇಷ್ಟಾ?"

ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದು ಕೀಮೋ ಮತ್ತು ಆಪರೇಷನ್ನಿನ ಖರ್ಚು ಮಾತ್ರ. ಕ್ಯಾನ್ಸರ್ ಇರುವ ಮಕ್ಕಳ ಮನೆಯವರನ್ನು ಕೇಳಿದರೆ ಬೇರೆಯೇ ಮಾತು ಬರುತ್ತದೆ. ಕೀಮೋ ಯಾವ ದಿನ ಅಂತ ಮೊದಲೇ ಗೊತ್ತಿರುತ್ತದೆ, ಅದಕ್ಕೆ ತಯಾರಿ ಮಾಡಿಕೊಳ್ಳಬಹುದು. ಜ್ವರಕ್ಕೆ ತಾರೀಕಿಲ್ಲ. ಮನೆಯ ಲೆಕ್ಕ ತಪ್ಪುವುದು ಅಲ್ಲೇ. ಹಾಗಾಗಿ ಈ ಲೇಖನ ಪೂರ್ತಿ ಆ ಜ್ವರದ ಬಗ್ಗೆ.

## ಮಾಳದಲ್ಲಿ ಕಾವಲು ಇಲ್ಲದ ರಾತ್ರಿ

ಮಕ್ಕಳಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಎಂದರೆ ರಕ್ತದ ಕ್ಯಾನ್ಸರ್. ಅದರಲ್ಲೂ ಡಾಕ್ಟರ್‌ಗಳು 'ಎಎಲ್‌ಎಲ್' ಎಂದು ಕರೆಯುವ ಬಗೆ. ಇದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಒಳ್ಳೆಯ ಸೌಲಭ್ಯ ಇರುವ ಕಡೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಕ್ಯಾನ್ಸರ್ ಅಂದ ಕೂಡಲೇ ಕೈಚೆಲ್ಲುವವರು ಇನ್ನೂ ಇದ್ದಾರೆ.

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಅವುಗಳಲ್ಲಿ ನ್ಯೂಟ್ರೋಫಿಲ್ ಎನ್ನುವ ಒಂದು ಬಗೆಗೆ ಕಾವಲಿನ ಕೆಲಸ. ಗದ್ದೆಯಲ್ಲಿ ಪೈರು ಬಲಿತಾಗ ಮಾಳ ಕಟ್ಟಿಕೊಂಡು ರಾತ್ರಿಯೆಲ್ಲ ಕೂತು ಹಂದಿ ಓಡಿಸುತ್ತಾರಲ್ಲ, ಹಾಗೆ. ಬ್ಯಾಕ್ಟೀರಿಯಾ ಒಳಗೆ ಬಂದರೆ ಮೊದಲು ಮೇಲೆ ಬೀಳುವುದು ಇವೇ. ಆರೋಗ್ಯವಂತ ಮಗುವಿನ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1,500ಕ್ಕಿಂತ ಜಾಸ್ತಿ ಇರುತ್ತವೆ. ಮೈಕ್ರೋಲೀಟರ್ ಅಂದರೆ ಒಂದು ಹನಿಗಿಂತ ಎಷ್ಟೋ ಕಡಿಮೆ. 500ಕ್ಕಿಂತ ಕೆಳಗೆ ಹೋದರೆ ಅಪಾಯ. ಆಸ್ಪತ್ರೆಯಲ್ಲಿ "ಕೌಂಟ್ ಬಿದ್ದಿದೆ" ಎನ್ನುವುದು ಇದಕ್ಕೇ.

ಕೌಂಟ್ ಯಾಕೆ ಬೀಳುತ್ತದೆ? ಕ್ಯಾನ್ಸರ್ ಕಣಗಳು ಬೇಗ ಬೇಗ ಬೆಳೆಯುತ್ತವೆ. ಹಾಗೆ ಬೇಗ ಬೆಳೆಯುವ ಕಣಗಳನ್ನು ಕೊಲ್ಲುವುದೇ ಕೀಮೋ ಔಷಧಿಯ ಕೆಲಸ. ಆದರೆ ದೇಹದಲ್ಲಿ ಬೇಗ ಬೆಳೆಯುವ ಒಳ್ಳೆಯ ಕಣಗಳೂ ಇವೆ: ಕೂದಲಿನ ಬುಡ, ಬಾಯಿಯ ಒಳಪದರ, ಕರುಳಿನ ಒಳಗೋಡೆ, ರಕ್ತ ಹುಟ್ಟುವ ಮೂಳೆಯ ಮಜ್ಜೆ. ಔಷಧಿಗೆ ಎಲ್ಲವೂ ಒಂದೇ. ಸಾಮಾನ್ಯವಾಗಿ ಕೀಮೋ ಕೊಟ್ಟ 7ರಿಂದ 14 ದಿನಗಳ ನಡುವೆ ಕೌಂಟ್ ತೀರಾ ಕೆಳಗೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಮಗು ಆಸ್ಪತ್ರೆಯಿಂದ ಮನೆಗೆ ಬಂದಿರುತ್ತದೆ. ಆಟ ಆಡುತ್ತಿರುತ್ತದೆ. ನೋಡಿದವರು "ಪರವಾಗಿಲ್ಲ, ಚೇತರಿಸಿಕೊಂಡಿದೆ" ಎನ್ನುತ್ತಾರೆ. ಒಳಗೆ ಮಾಳ ಖಾಲಿ.

ಇನ್ನೂ ಒಂದು ವಿಷಯ ಗೊತ್ತಿರಬೇಕು. ಗಾಯ ಕೆಂಪಾಗಿ ಊದುವುದು, ಕೀವು ಆಗುವುದು, ಇವೆಲ್ಲ ಬಿಳಿ ಕಣಗಳು ಹೋರಾಡುತ್ತಿರುವ ಗುರುತು. ಕೀವಿನ ತುಂಬ ಇರುವುದೇ ಸತ್ತ ನ್ಯೂಟ್ರೋಫಿಲ್‌ಗಳು. ಅವೇ ಇಲ್ಲದಿದ್ದರೆ ಕೀವು ಎಲ್ಲಿಂದ ಬರಬೇಕು? ಆದ್ದರಿಂದ ಕೌಂಟ್ ಬಿದ್ದ ಮಗುವಿಗೆ ಸೋಂಕು ತಗುಲಿದರೂ ಹೊರಗೆ ಏನೂ ಕಾಣದೇ ಇರಬಹುದು. ಕೆಮ್ಮಿಲ್ಲ, ಕಫ ಇಲ್ಲ, ಊತ ಇಲ್ಲ. ಎಷ್ಟೋ ಸಲ ಸಿಗುವ ಒಂದೇ ಸುಳಿವು ಜ್ವರ.

## ಒಂದು ಗಂಟೆಯ ಲೆಕ್ಕ

ಕೌಂಟ್ ಬಿದ್ದಿರುವಾಗ ಬರುವ ಜ್ವರಕ್ಕೆ ಡಾಕ್ಟರ್‌ಗಳು ಫೆಬ್ರೈಲ್ ನ್ಯೂಟ್ರೋಪೀನಿಯಾ ಎನ್ನುತ್ತಾರೆ. ಹೆಸರು ಉದ್ದ, ಅಳತೆ ಸುಲಭ. ಥರ್ಮಾಮೀಟರ್ ಒಂದು ಸಲ 101 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ, ಅಥವಾ 100.4 ಒಂದು ಗಂಟೆ ಹಾಗೇ ನಿಂತರೆ, ಅದು ತುರ್ತು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು ಎನ್ನುವುದು ಬಹಳ ಕಡೆ ಪಾಲಿಸುವ ಗುರಿ. ಯಾವ ಕ್ರಿಮಿ ಅಂತ ಗೊತ್ತಾಗುವವರೆಗೂ ಕಾಯುವಂತಿಲ್ಲ. ರಕ್ತದಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಗೆ ಕಲ್ಚರ್ ಎನ್ನುತ್ತಾರೆ, ಅದರ ರಿಪೋರ್ಟ್‌ಗೆ 48ರಿಂದ 72 ಗಂಟೆ ಬೇಕು. ಕಾವಲಿಲ್ಲದ ಮೈಯಲ್ಲಿ ಬ್ಯಾಕ್ಟೀರಿಯಾಗಳಿಗೆ ಅಷ್ಟು ಹೊತ್ತು ಬಿಟ್ಟರೆ ರಕ್ತವೇ ನಂಜಾಗಿ ಬಿಪಿ ಕುಸಿಯಬಹುದು. ಅದನ್ನೇ ಸೆಪ್ಸಿಸ್ ಎನ್ನುತ್ತಾರೆ.

ಮಲೆನಾಡಿನಲ್ಲಿ ಇದಕ್ಕೊಂದು ತೊಡಕಿದೆ. ಇಲ್ಲಿ ಜ್ವರಕ್ಕೆ ಹೆಸರು ಜಾಸ್ತಿ. ಮಂಗನ ಕಾಯಿಲೆ ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆ ಕಡೆಗೆ ಅದರ ಭಯ. ಮಳೆ ಬಂದರೆ ಡೆಂಗಿ, ಇಲಿ ಜ್ವರ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ಹಾಗಾಗಿ ಕೌಂಟ್ ಕಡಿಮೆ ಇರುವ ರಿಪೋರ್ಟ್ ನೋಡಿ "ಡೆಂಗಿ ಇರಬಹುದು, ಎರಡು ದಿನ ನೋಡೋಣ" ಎಂದು ಯಾರಾದರೂ ಹೇಳಿದರೆ ಆಶ್ಚರ್ಯವಿಲ್ಲ. ಬೇರೆ ಮಗುವಿಗೆ ಆ ಮಾತು ಸರಿ ಇರಬಹುದು. ಈ ಮಗುವಿಗೆ ಎರಡು ದಿನ ಇಲ್ಲ. ಡಾಕ್ಟರ್ ಎದುರು ಕೂತಾಗ ಮೊದಲ ಮಾತೇ "ಇವಳಿಗೆ ಕೀಮೋ ನಡೀತಾ ಇದೆ, ಕೊನೇ ಕೀಮೋ ಆಗಿ ಇಷ್ಟು ದಿನ ಆಯ್ತು" ಎಂದಿರಬೇಕು.

ಪ್ಯಾರಾಸಿಟಮಾಲ್ ವಿಷಯವೂ ಇಲ್ಲೇ ಬರುತ್ತದೆ. ಸುಮ್ನೆ ಒಂದು ಮಾತ್ರೆ ಕೊಟ್ಟು ಮಲಗಿಸಿದರೆ ಬಿಸಿ ಇಳಿಯುತ್ತದೆ, ಸೋಂಕು ಹಾಗೇ ಇರುತ್ತದೆ. ಇದ್ದ ಒಂದೇ ಸುಳಿವೂ ಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೊಡುವ ಸ್ಟೀರಾಯ್ಡ್ ಕೂಡ ಜ್ವರವನ್ನು ಮುಚ್ಚಿಡಬಲ್ಲದು. ಆದ್ದರಿಂದ ಥರ್ಮಾಮೀಟರ್ ಏನೂ ಹೇಳದಿದ್ದರೂ ಮಗು ಇದ್ದಕ್ಕಿದ್ದಂತೆ ಸಪ್ಪಗಾದರೆ, ಚಳಿ ಬಂದು ನಡುಗಿದರೆ, ಹೊರಡಬೇಕು.

## ಸೋಂಕು ಎಲ್ಲಿಂದ ಬರುತ್ತದೆ?

ಬಹಳ ತಾಯಂದಿರು ತಮ್ಮನ್ನೇ ಬೈದುಕೊಳ್ಳುತ್ತಾರೆ. "ನಾನು ಪಾತ್ರೆ ಸರಿಯಾಗಿ ತೊಳೀಲಿಲ್ಲ", "ನೆಂಟರನ್ನು ಒಳಗೆ ಬಿಟ್ಟೆ" ಅಂತ. ಈ ಮಕ್ಕಳ ರಕ್ತಕ್ಕೆ ಇಳಿಯುವ ಬ್ಯಾಕ್ಟೀರಿಯಾಗಳಲ್ಲಿ ದೊಡ್ಡ ಪಾಲು ಅವರದೇ ಕರುಳು, ಬಾಯಿ, ಚರ್ಮದಲ್ಲಿ ಮೊದಲಿನಿಂದ ಇದ್ದವು. ಎಲ್ಲರ ಕರುಳಿನಲ್ಲೂ ಅವು ಇವೆ. ಕೀಮೋದಿಂದ ಕರುಳಿನ ಗೋಡೆ ತೆಳುವಾದಾಗ ಒಳಗೆ ನುಸುಳುತ್ತವೆ. ಕೀಮೋ ಕೊಡಲು ಎದೆಯ ಹತ್ತಿರ ಅಥವಾ ತೋಳಿನಲ್ಲಿ ಇಟ್ಟಿರುವ ಪೋರ್ಟ್, ಪಿಕ್ ಲೈನ್ ಎನ್ನುವ ನಳಿಕೆಗಳು ಇನ್ನೊಂದು ದಾರಿ. ಮನೆಯವರು ಎಷ್ಟು ಹುಷಾರಾಗಿದ್ದರೂ ಕೆಲವು ಜ್ವರ ಬಂದೇ ಬರುತ್ತವೆ.

ಹೊರಗಿನಿಂದ ಬರುವುದೂ ಇದೆ. ನಮ್ಮ ಕಡೆ ಆಷಾಢ ಬಂತೆಂದರೆ ಗೋಡೆ, ಚಪ್ಪಲಿ, ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಎಂದರೆ ಶಿಲೀಂಧ್ರ. ಅದರ ಕಣಗಳು ಗಾಳಿಯಲ್ಲಿ ತೇಲುತ್ತವೆ. ನಾವು ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಹಲವು ದಿನ ಕೌಂಟ್ ಇಲ್ಲದ ಮಗುವಿನ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್‌ನಂಥ ಶಿಲೀಂಧ್ರ ಬೇರು ಬಿಡಬಹುದು. ಕೊಟ್ಟಿಗೆಯ ಗೊಬ್ಬರ ತೆಗೆಯುವಾಗ, ಹಳೇ ಹುಲ್ಲು ಕೊಡವುವಾಗ, ದರಕು, ಅಂದರೆ ಒಣಗಿದ ಎಲೆ ಗುಡಿಸುವಾಗ, ಗೋಡೆ ಕೆರೆಯುವಾಗ ಈ ಮಗು ಹತ್ತಿರ ಇರಬಾರದು ಎನ್ನುವುದು ಇದೇ ಕಾರಣಕ್ಕೆ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಆರಿಸಿಯೇ ಕೊಡಬೇಕು.

ಊಟದ ಬಗ್ಗೆ ಒಂದು ಸಮಾಧಾನದ ಮಾತು. ಹಸಿ ಹಣ್ಣು, ತರಕಾರಿ ಪೂರ್ತಿ ಬಿಡಿಸುವ ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಅಧ್ಯಯನಗಳಲ್ಲಿ ಬಲವಾದ ಆಧಾರ ಸಿಕ್ಕಿಲ್ಲ. ಚೆನ್ನಾಗಿ ತೊಳೆದದ್ದು, ಬಿಸಿಬಿಸಿ ಬೇಯಿಸಿದ್ದು, ಕೈ ತೊಳೆದು ಬಡಿಸಿದ್ದು, ಇಷ್ಟು ಮುಖ್ಯ. ನಿಮ್ಮ ವಾರ್ಡಿನವರು ಬೇರೆ ಏನಾದರೂ ಹೇಳಿದ್ದರೆ ಅದನ್ನು ಪಾಲಿಸಿ. ಆದರೆ ಸಾಲ ಮಾಡಿ ದುಬಾರಿ ಡಬ್ಬಿ ಆಹಾರ ತರಬೇಕಿಲ್ಲ.

## ಬಿಲ್ ಹೇಗೆ ಬೆಳೆಯುತ್ತದೆ?

ಮೊದಲ ದಿನದ ಖರ್ಚು ದೊಡ್ಡದಲ್ಲ. ರಕ್ತ ಪರೀಕ್ಷೆ, ಕಲ್ಚರ್, ಎಕ್ಸ್‌ರೇ, ಡ್ರಿಪ್, ಒಂದು ಆ್ಯಂಟಿಬಯೋಟಿಕ್. ಬಹಳ ಮಕ್ಕಳಲ್ಲಿ ಎರಡು ಮೂರು ದಿನಕ್ಕೆ ಜ್ವರ ಇಳಿಯುತ್ತದೆ, ಕೌಂಟ್ ಏರಲು ಶುರುವಾಗುತ್ತದೆ, ಮನೆಗೆ ಕಳಿಸುತ್ತಾರೆ.

ತೊಂದರೆ ಇರುವುದು ಜ್ವರ ಇಳಿಯದ ಮಕ್ಕಳಲ್ಲಿ. ಮೂರನೇ ದಿನ ಕಲ್ಚರ್ ರಿಪೋರ್ಟ್ ಬರುತ್ತದೆ. ಕೊಡುತ್ತಿರುವ ಔಷಧಿಗೆ ಆ ಬ್ಯಾಕ್ಟೀರಿಯಾ ಬಗ್ಗುತ್ತಿಲ್ಲ ಅಂತ ಅದರಲ್ಲಿ ಇರಬಹುದು. ಆಗ ಮೇಲಿನ ಮೆಟ್ಟಿಲಿನ ಔಷಧಿ, ಮೆರೊಪೆನೆಮ್‌ನಂಥದ್ದು. ಅದಕ್ಕೂ ಬಗ್ಗದಿದ್ದರೆ ಕೊಲಿಸ್ಟಿನ್‌ನಂಥ ಕೊನೆಯ ಸಾಲಿನದು. ಭಾರತದ ಆಸ್ಪತ್ರೆಗಳಲ್ಲಿ ಹೀಗೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಜಾಸ್ತಿ. ಆ್ಯಂಟಿಬಯೋಟಿಕ್‌ಗಳನ್ನು ಬೇಕಾಬಿಟ್ಟಿ ನುಂಗಿದ್ದು ಅದಕ್ಕೆ ಒಂದು ದೊಡ್ಡ ಕಾರಣ. ನಾವು ಶೀತಕ್ಕೆಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ನುಂಗುವ ಮಾತ್ರೆಯ ಬೆಲೆಯನ್ನು ಈ ಮಕ್ಕಳೂ ತೆರುತ್ತಿದ್ದಾರೆ ಅಂತ ನನಗೆ ಅನಿಸುತ್ತದೆ.

ನಾಲ್ಕು ದಿನ, ಅಂದರೆ 96 ಗಂಟೆ ಕಳೆದರೂ ಜ್ವರ ಬಿಡದಿದ್ದರೆ ಶಿಲೀಂಧ್ರದ ಅನುಮಾನ ಬರುತ್ತದೆ. ಎದೆಯ ಸಿಟಿ ಸ್ಕ್ಯಾನ್, ಬೇರೆ ರಕ್ತ ಪರೀಕ್ಷೆ, ಜೊತೆಗೆ ಶಿಲೀಂಧ್ರದ ಔಷಧಿ. ಲೆಕ್ಕ ಜಿಗಿಯುವುದು ಇಲ್ಲಿ. ಒಂದು ಉದಾಹರಣೆ ನೋಡೋಣ. ಆಂಫೊಟೆರಿಸಿನ್ ಎನ್ನುವ ಔಷಧಿಯಲ್ಲಿ ಹಳೇದು, ಹೊಸದು ಎರಡು ಬಗೆ ಇವೆ. ಮಗು 20 ಕೆ.ಜಿ. ಇದೆ ಎಂದುಕೊಳ್ಳಿ. ಹಳೇ ಬಗೆ ಕೆ.ಜಿ.ಗೆ 1 ಮಿಲಿಗ್ರಾಂನಂತೆ ದಿನಕ್ಕೆ 20 ಮಿಲಿಗ್ರಾಂ. ಬಾಟಲಿ ಬರುವುದು 50 ಮಿಲಿಗ್ರಾಂನದು, ಒಂದು ಸಾಕು. ಹೊಸ ಲೈಪೊಸೋಮಲ್ ಬಗೆ ಕೆ.ಜಿ.ಗೆ 3 ಮಿಲಿಗ್ರಾಂ, ಅಂದರೆ ದಿನಕ್ಕೆ 60. ಅದೂ 50ರ ಬಾಟಲಿ. ಹಾಗಾಗಿ ಎರಡು ಒಡೆಯಬೇಕು, ಉಳಿದ 40 ಮಿಲಿಗ್ರಾಂ ಬೇರೆ ಮಗುವಿಗೆ ಬಳಕೆಯಾಗದಿದ್ದರೆ ವ್ಯರ್ಥ. ಎರಡು ವಾರಕ್ಕೆ 28 ಬಾಟಲಿ. ಒಂದೊಂದು ಬಾಟಲಿಯೂ ಹಳೇದಕ್ಕಿಂತ ಎಷ್ಟೋ ಪಟ್ಟು ದುಬಾರಿ.

ಹಾಗಾದರೆ ಹಳೇದನ್ನೇ ಕೊಡಬಹುದಲ್ಲ? ಕೊಡುತ್ತಾರೆ, ಬಹಳ ಕಡೆ. ಆದರೆ ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಡ್ರಿಪ್ ಹೋಗುವಾಗ ಚಳಿ ಜ್ವರ ಬರಿಸುತ್ತದೆ. ಮತ್ತೆ ಮತ್ತೆ ರಕ್ತ ಪರೀಕ್ಷೆ ಬೇಕು. ಕಿಡ್ನಿ ಕೆಟ್ಟರೆ ಮುಂದಿನ ಕೀಮೋಗೂ ತಡೆ. ಔಷಧಿಯಲ್ಲಿ ಉಳಿದ ದುಡ್ಡು ಬೇರೆ ದಾರಿಯಲ್ಲಿ ಹೋಗಬಹುದು. ಯಾವುದು ಎನ್ನುವುದನ್ನು ಮಗುವಿನ ಸ್ಥಿತಿ ನೋಡಿ ಡಾಕ್ಟರ್ ತೀರ್ಮಾನಿಸಬೇಕಾಗುತ್ತದೆ.

ಬಿಪಿ ಕುಸಿದರೆ ಐಸಿಯು, ಉಸಿರಾಟಕ್ಕೆ ಯಂತ್ರ. ಪ್ಲೇಟ್‌ಲೆಟ್ ಇಳಿದರೆ ಅದನ್ನು ಹಾಕಬೇಕು, ಅದಕ್ಕೆ ರಕ್ತ ಕೊಡುವವರನ್ನು ಹುಡುಕಬೇಕು. ಊರಿನಲ್ಲಾದರೆ ಫೋನ್ ಮಾಡಿದರೆ ನಾಲ್ಕು ಹುಡುಗರು ಬೈಕ್ ಹತ್ತಿ ಬರುತ್ತಾರೆ. ಬೆಂಗಳೂರಿನಲ್ಲಿ ಯಾರನ್ನು ಕೇಳುವುದು? ಇಷ್ಟರ ನಡುವೆ ಆಸ್ಪತ್ರೆಯಲ್ಲಿ ಇರುವ ದಿನಗಳು ಏರುತ್ತಲೇ ಇರುತ್ತವೆ. ಸಾಮಾನ್ಯ ಜ್ವರ ಎಂದರೆ ಕೆಲವು ದಿನ, ಶಿಲೀಂಧ್ರ ಎಂದರೆ ವಾರಗಟ್ಟಲೆ.

ಇನ್ನು ಕೀಮೋ. ಸೋಂಕು ಇರುವಾಗ ಅದನ್ನು ಮುಂದೂಡುತ್ತಾರೆ. ಎರಡೂವರೆ ವರ್ಷದ ಲೆಕ್ಕ ಅಷ್ಟಷ್ಟೇ ಮುಂದಕ್ಕೆ ಹೋಗುತ್ತದೆ.

## ಕಾರ್ಡ್ ಎಷ್ಟು ದೂರ ಬರುತ್ತದೆ?

ನಮ್ಮ ರಾಜ್ಯದಲ್ಲಿ ಇರುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. 2018ರಲ್ಲಿ ಎರಡು ಯೋಜನೆ ಸೇರಿ ಒಂದಾಯಿತು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಮನೆಗೆ ಪ್ಯಾಕೇಜ್ ದರದ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಎರಡು ಎಕರೆ ಅಡಿಕೆ ತೋಟ ಇದೆ ಅಂತ ಎಪಿಎಲ್ ಆಗಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಕೊಳೆ ರೋಗ ಬಂದ ವರ್ಷ ಆ ತೋಟದ ಆದಾಯ ಎಷ್ಟು ಅಂತ ಬೆಳೆಗಾರರಿಗೆ ಗೊತ್ತು.

5 ಲಕ್ಷ ಎನ್ನುವುದು ಇಡೀ ಮನೆಗೆ ಸೇರಿ. ಅದೇ ವರ್ಷ ಅಜ್ಜನಿಗೆ ಹೃದಯದ ಆಪರೇಷನ್ ಆದರೆ ಅದೂ ಇದೇ ಗಂಟಿನಿಂದ.

ಇನ್ನು ಪ್ಯಾಕೇಜ್. ಮದುವೆ ಅಡುಗೆಯವರ ಹತ್ತಿರ ಎಲೆಗೆ ಇಷ್ಟು ಅಂತ ಮಾತಾಡಿಕೊಳ್ಳುತ್ತೇವಲ್ಲ, ಹಾಗೆ. ಒಂದೊಂದು ಚಿಕಿತ್ಸೆಗೆ ಸರ್ಕಾರ ಒಂದು ಮೊತ್ತ ನಿಗದಿ ಮಾಡಿರುತ್ತದೆ, ಆಸ್ಪತ್ರೆಗೆ ಅಷ್ಟು ಸಿಗುತ್ತದೆ. ಇಂಥ ಕೀಮೋಗೆ ಇಷ್ಟು ಅಂತ ಮೊದಲೇ ಹೇಳಬಹುದು. ಜ್ವರಕ್ಕೆ ಹಾಗೆ ಹೇಳುವುದು ಕಷ್ಟ. ಒಂದು ಮಗು ಮೂರು ದಿನಕ್ಕೆ ಮನೆಗೆ ಹೋಗುತ್ತದೆ, ಇನ್ನೊಂದು ಮೂವತ್ತು ದಿನ ಇರುತ್ತದೆ. ಶುರುವಿನಲ್ಲಿ ಯಾವುದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ. ನೂರು ಎಲೆಗೆ ಮಾತಾಡಿ ಮುನ್ನೂರು ಜನ ಬಂದಂತೆ.

ಆದ್ದರಿಂದ ಅಡ್ಮಿಟ್ ಆದ ದಿನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣುವುದು ಒಳ್ಳೆಯದು. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಕಾರ್ಡಿನವರಿಗೆ ನೆರವಾಗಲು ಅವರು ಇರುತ್ತಾರೆ. ಈ ಅಡ್ಮಿಷನ್ ಯಾವ ಪ್ಯಾಕೇಜ್‌ನಲ್ಲಿದೆ, ದಿನ ಜಾಸ್ತಿಯಾದರೆ ಏನು ಮಾಡಬೇಕು, ಹೊರಗಿನಿಂದ ಔಷಧಿ ತರಲು ಹೇಳಿದರೆ ಅದು ಸೇರುತ್ತದಾ, ಇಷ್ಟನ್ನು ಕೇಳಿ. ಮಾಮೂಲಿ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ, ತುರ್ತು ಇದ್ದರೆ ಅದಿಲ್ಲದೆಯೂ ಸೇರಬಹುದು. ಮಾಹಿತಿಗೆ 104ಕ್ಕೆ ಫೋನ್ ಮಾಡಬಹುದು. ಕಾರ್ಡಿನ ಮಿತಿ ಮುಗಿದವರಿಗೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ಪರಿಹಾರ ನಿಧಿಗಳಿವೆ. ಅರ್ಜಿಗೆ ಆಸ್ಪತ್ರೆಯ ಅಂದಾಜು ಪಟ್ಟಿ ಬೇಕು, ಸಮಯವೂ ಹಿಡಿಯುತ್ತದೆ. ಹಾಗಾಗಿ ದುಡ್ಡು ಖಾಲಿಯಾಗುವ ಮೊದಲೇ ಹಾಕಬೇಕು.

## ಬಿಲ್ಲಿನಲ್ಲಿ ಬರೆಯದ ಖರ್ಚು

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಅಲ್ಲಿಂದ ಬೆಂಗಳೂರಿಗೆ ಸುಮಾರು 300. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಿದ್ದಾರೆ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರೂ ಇದ್ದಾರೆ. ಜ್ವರ ರಾತ್ರಿ ಬಂದರೆ ಬಸ್ಸಿಗೆ ಕಾಯಲಾಗುವುದಿಲ್ಲ, ಕಾರು ಮಾಡಲೇಬೇಕು. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ತಾಯಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ರೈಲಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ 75% ರಿಯಾಯಿತಿ. ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಂಡು ಸ್ಟೇಷನ್ನಿನಲ್ಲಿ ಕೊಡಬೇಕು.

ದೂರವೇ ಇನ್ನೊಂದು ಖರ್ಚು ತರುತ್ತದೆ. ಅಪಾಯ ಕಡಿಮೆ ಇರುವ ಮಗುವಿಗೆ ಒಂದೆರಡು ದಿನ ಇಂಜೆಕ್ಷನ್ ಕೊಟ್ಟು, ಆಮೇಲೆ ಬಾಯಿಂದ ನುಂಗುವ ಔಷಧಿ ಬರೆದು ಮನೆಗೆ ಕಳಿಸುವ ಪದ್ಧತಿ ಇದೆ. ಮನೆ ಆಸ್ಪತ್ರೆಯ ಹತ್ತಿರ ಇದ್ದವರಿಗೆ ಮಾತ್ರ ಅದು ಹೊಂದುತ್ತದೆ. ಹೊಸನಗರದ ಮಗುವನ್ನು ಡಾಕ್ಟರ್ ಯಾವ ಧೈರ್ಯದ ಮೇಲೆ ಕಳಿಸಬೇಕು? ಒಂದೇ ಕಾಯಿಲೆ, ಒಂದೇ ಔಷಧಿ ಆದರೂ ನಮ್ಮ ಕಡೆಯ ಮಗು ನಾಲ್ಕು ದಿನ ಜಾಸ್ತಿ ಇರಬೇಕಾಗುತ್ತದೆ. ಇಲ್ಲವೇ ಆಸ್ಪತ್ರೆ ಪಕ್ಕ ರೂಮು ಮಾಡಬೇಕಾಗುತ್ತದೆ.

ಇಂಥ ಮನೆಗಳಲ್ಲಿ ಕೇಳುವ ಮಾತು ಇದೇ: ಅಪ್ಪನ ಕೂಲಿ ಹೋಯಿತು. ಅಡಿಕೆ ಕೊಯ್ಲಿನ ಸಮಯವಾದರೆ ಇಡೀ ವರ್ಷದ ದುಡಿಮೆಗೇ ಕುತ್ತು. ಹಾಲು ಕೊಡುವ ದನ ಮಾರಿದರು, ಬಂಗಾರ ಸೊಸೈಟಿಯಲ್ಲಿ ಅಡ ಇಟ್ಟರು, ದೊಡ್ಡ ಮಗ ಶಾಲೆ ಬಿಟ್ಟು ಅಜ್ಜಿ ಮನೆಯಲ್ಲಿ ಉಳಿದ. ಮನೆಯ ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಆರೋಗ್ಯಕ್ಕೆ ಕೈಯಿಂದ ಹೋದರೆ ಅದನ್ನು ಮನೆ ಮುರಿಯುವ ಖರ್ಚು ಎಂದು ಲೆಕ್ಕ ಹಿಡಿಯುವ ಅಳತೆಯೊಂದು ಜಗತ್ತಿನಲ್ಲಿ ಬಳಕೆಯಲ್ಲಿದೆ. ಈ ಮನೆಗಳು ಆ ಗೆರೆಯನ್ನು ಮೊದಲ ದೊಡ್ಡ ಜ್ವರದಲ್ಲೇ ದಾಟಿಬಿಡಬಹುದು.

ಆಮೇಲೆ ಆಗುವುದನ್ನು ಬರೆಯಲು ಮನಸ್ಸು ಬರುವುದಿಲ್ಲ, ಆದರೂ ಬರೆಯಬೇಕು. ಕೆಲವರು ಚಿಕಿತ್ಸೆ ಅರ್ಧಕ್ಕೆ ಬಿಡುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ 80%ಗಿಂತ ಹೆಚ್ಚು ಮಕ್ಕಳು ಗುಣವಾದರೆ, ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ 30% ಮಕ್ಕಳೂ ಗುಣವಾಗುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಡವಾಗಿ ಪತ್ತೆ ಹಚ್ಚುವುದು, ಚಿಕಿತ್ಸೆಯ ನಡುವೆ ಬರುವ ಸೋಂಕು ಮತ್ತಿತರ ತೊಂದರೆ, ಅರ್ಧಕ್ಕೆ ಬಿಡುವುದು, ಎಲ್ಲವೂ ಆ ಅಂತರದಲ್ಲಿವೆ. 2030ರ ಹೊತ್ತಿಗೆ ಕನಿಷ್ಠ 60% ಮಕ್ಕಳಾದರೂ ಉಳಿಯಬೇಕು ಎಂದು ಆ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿದೆ.

## ಮಳೆಗೆ ಮೊದಲೇ ಬೋರ್ಡೊ

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಮುಂಗಾರು ಹಿಡಿಯುವ ಮೊದಲೇ ಗೊನೆಗೆ ಕೊಳೆ ಬಾರದಂತೆ ಬೋರ್ಡೊ ದ್ರಾವಣ ಹೊಡೆಯುತ್ತೇವೆ. ಸುಣ್ಣ, ಮೈಲುತುತ್ತ, ಒಂದು ದಿನದ ಆಳು. ಬಿಟ್ಟು, ಕೊಳೆ ಬಂದ ಮೇಲೆ ಹೊಡೆದರೆ ಖರ್ಚೂ ಆಯಿತು, ಕಾಯಿಯೂ ಉದುರಿತು.

ಇಲ್ಲೂ ಅಂಥ ಅಗ್ಗದ ಕೆಲಸಗಳಿವೆ. ನ್ಯುಮೋನಿಯಾದ ಒಂದು ಕೆಟ್ಟ ಬಗೆ ಬಾರದಂತೆ ವಾರಕ್ಕೆ ಎರಡು ಮೂರು ದಿನ ಕೊಡುವ ಕೋಟ್ರೈಮಾಕ್ಸಜೋಲ್ ತೀರಾ ಕಡಿಮೆ ಬೆಲೆಯ ಮಾತ್ರೆ. ಮಗು ಚೆನ್ನಾಗಿದೆ ಅಂತ ಅದನ್ನು ನಿಲ್ಲಿಸಬಾರದು. ಪೋರ್ಟ್ ಅಥವಾ ಪಿಕ್ ಲೈನ್ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುವುದು, ಊಟ ಆದ ಮೇಲೆಲ್ಲ ಬಾಯಿ ಮುಕ್ಕಳಿಸುವುದು, ದಿನಾ ಸ್ನಾನ. ಮನೆಯಲ್ಲಿ ಅಥವಾ ಶಾಲೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ಬಂದಿದ್ದು ಗೊತ್ತಾದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಬೇಕು, ಈ ಮಕ್ಕಳಿಗೆ ಅದು ಅಪಾಯಕಾರಿ. ತೂಕ ಇಳಿಯದಂತೆ ಊಟ ಮಾಡಿಸುವುದೂ ಸೋಂಕು ತಡೆಯುವ ಕೆಲಸವೇ. ಬಡಕಲಾದ ಮಗು ಸೋಂಕಿಗೆ ಬೇಗ ಸೋಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಳಿಸುವುದು ಮೊದಲ ಇಂಜೆಕ್ಷನ್. ಬೆಂಗಳೂರಿನ ದಾರಿಯಲ್ಲಿ ಏಳೆಂಟು ಗಂಟೆ ಕಳೆಯುವ ಬದಲು ಮೊದಲ ಡೋಸ್ ಹತ್ತಿರದ ಆಸ್ಪತ್ರೆಯಲ್ಲೇ ಆಗಿ, ಆಮೇಲೆ ಮುಂದೆ ಹೋಗಬಹುದು. ಅದಕ್ಕೆ ತಾಲ್ಲೂಕು ಆಸ್ಪತ್ರೆಯೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೋ ಆದೀತು. ಅಲ್ಲಿನ ಡಾಕ್ಟರಿಗೆ ಈ ಮಗುವಿನ ವಿಷಯ ಗೊತ್ತಿರಬೇಕು, ಅಷ್ಟೇ. ಹಾಗಾಗಿ ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರ ಮೊದಲೇ ಒಂದು ಪತ್ರ ಬರೆಸಿಕೊಳ್ಳಿ. ಕಾಯಿಲೆಯ ಹೆಸರು, ಕೊನೇ ಕೀಮೋ ತಾರೀಕು, ಮಗುವಿನ ತೂಕ, ಜ್ವರ ಬಂದರೆ ಯಾವ ಆ್ಯಂಟಿಬಯೋಟಿಕ್ ಎಷ್ಟು ಡೋಸ್, ಯಾವ ಔಷಧಿ ಆಗುವುದಿಲ್ಲ, ವಾರ್ಡಿನ ಫೋನ್ ನಂಬರ್. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಮಾಂಸಕ್ಕೆ ಚುಚ್ಚುವ ಇಂಜೆಕ್ಷನ್ ಬೇಡ, ಐಬುಪ್ರೊಫೇನ್ ಬೇಡ ಎನ್ನುವುದೂ ಅದರಲ್ಲಿರಲಿ. ಪ್ರತಿ ಕೀಮೋ ಆದ ಮೇಲೆ ತಾರೀಕು, ತೂಕ ಬದಲಿಸಿ.

ವಾಟ್ಸಾಪ್ ಗುಂಪಿನ ಆ ಹುಡುಗಿ ಮೂರನೇ ವಾರಕ್ಕೆ ಐಸಿಯುನಿಂದ ವಾರ್ಡಿಗೆ ಬಂದಳು, ಆಮೇಲೆ ಮನೆಗೂ ಬಂದಳು. ಕೀಮೋ ಇನ್ನೂ ಒಂದೂವರೆ ವರ್ಷ ಇದೆ. ನೋಡಲು ಹೋದಾಗ ಅವಳಮ್ಮ ಬಾಗಿಲಲ್ಲೇ ಸೋಪು, ನೀರು ಇಟ್ಟಿದ್ದರು, ಕೈ ತೊಳೆದೇ ಒಳಗೆ ಬಿಟ್ಟರು. ದೇವರ ಗೂಡಿನ ಪಕ್ಕದ ಮೊಳೆಗೆ ಒಂದು ಚೀಲ ನೇತು ಹಾಕಿದ್ದಾರೆ. ಅದರಲ್ಲಿ ಥರ್ಮಾಮೀಟರ್, ಆ ಪತ್ರ, ಕಾರ್ಡಿನ ಜೆರಾಕ್ಸ್, ಫೈಲು, ಎರಡು ಜೊತೆ ಬಟ್ಟೆ. ಪಕ್ಕದ ಮನೆಯ ಕಾರಿನವರ ನಂಬರನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದಾರೆ. ಕರೆಂಟ್ ಹೋದರೂ ಟಾರ್ಚ್ ಬೆಳಕಿಗೆ ಕಾಣಲಿ ಅಂತ.